ಲೋಗೋ ಆಮೇಲೆ ನೋಡೋಣ, ಮೊದಲು ಒಂದು ಗುರುತು ಹಿಡಿಯಿರಿ

ನಿಮ್ಮ ಪ್ರಶ್ನೆ ಇದು: ಕೆಲಸದ ಜೊತೆಗೆ ಮನೆಯಲ್ಲೇ ಪರಿಮಳದ ಮೇಣದಬತ್ತಿ ಮಾಡಿ ಗಾಜಿನ ಲೋಟದಲ್ಲಿ ಹಾಕಿ ಮಾರುತ್ತಿದ್ದೀರಿ. ಕೊಂಡವರು ಚೆನ್ನಾಗಿದೆ ಅನ್ನುತ್ತಾರೆ. ಆದರೆ ಎರಡನೇ ಸಲ ಬೇಕಾದಾಗ ನಿಮ್ಮ ಹೆಸರು ಮರೆತು ಬೇರೆ ಯಾರದ್ದೋ ತೆಗೆದುಕೊಳ್ಳುತ್ತಾರೆ. ಒಳ್ಳೆಯ ಲೋಗೋ ಮಾಡಿಸಿದರೆ ಸರಿಹೋಗುತ್ತದಾ, ಬ್ರ್ಯಾಂಡ್‌ಗೆ ಎಷ್ಟು ಖರ್ಚು ಮಾಡಬೇಕು ಅಂತ ಕೇಳಿದ್ದೀರಿ.

ಲೋಗೋಗೆ ಈಗಲೇ ದುಡ್ಡು ಹಾಕಬೇಡಿ. ನಾನೂ ನಿಮ್ಮ ಹಾಗೇ. ಹಗಲು ಬೇರೆ ಕೆಲಸ, ರಾತ್ರಿ ಮತ್ತು ರಜೆಯ ದಿನ ಕೈಯಲ್ಲಿ ಹೊಲಿದ ನೋಟ್‌ಬುಕ್ ಮಾಡಿ ಮಾರುವುದು. ನಿಮ್ಮ ತೊಂದರೆ ಏನು ಅಂತ ನನಗನಿಸುವುದು ಹೀಗೆ: ಕೊಂಡವರು ಇನ್ನೊಬ್ಬರಿಗೆ ಹೇಳುವಾಗ ನಿಮ್ಮದನ್ನು ಬೇರೆ ಮಾಡಿ ತೋರಿಸಲು ಅವರ ಹತ್ತಿರ ಏನೂ ಇಲ್ಲ. "ಅದೇ, ಗಾಜಿನ ಲೋಟದಲ್ಲಿ ಬರುತ್ತಲ್ಲ, ಪರಿಮಳ ಚೆನ್ನಾಗಿರುತ್ತೆ" ಅಂದರೆ ಅದು ಯಾರದ್ದೂ ಆಗಬಹುದು, ಅಲ್ವಾ?

ಹೆಸರು ನೆನಪಲ್ಲಿ ಕೂರುವುದು ನಿಧಾನ. ಅದಕ್ಕಿಂತ ಮುಂಚೆ ಉಳಿಯುವುದು ಕಣ್ಣಿಗೋ ಕೈಗೋ ಸಿಕ್ಕ ಒಂದು ಗುರುತು. 1915ರಲ್ಲಿ ಕೋಕಾ-ಕೋಲಾಗೂ ಇದೇ ಕಷ್ಟ ಬಂದಿತ್ತು. ಹೆಚ್ಚುಕಮ್ಮಿ ಅದೇ ಥರದ ಹೆಸರಿನ ನಕಲಿಗಳು ಅಂಗಡಿ ತುಂಬಾ ಇದ್ದವು. ಆಗ ಅವರು ಗಾಜಿನ ಕಂಪನಿಗಳಿಗೆ ಒಂದು ಷರತ್ತು ಹಾಕಿದರು. ಕತ್ತಲಲ್ಲಿ ಮುಟ್ಟಿದರೂ ನಮ್ಮ ಬಾಟಲಿ ಅಂತ ಗೊತ್ತಾಗಬೇಕು, ಒಡೆದು ನೆಲದ ಮೇಲೆ ಬಿದ್ದಿದ್ದರೂ ಗೊತ್ತಾಗಬೇಕು. ಅಮೆರಿಕದ ಇಂಡಿಯಾನಾದಲ್ಲಿದ್ದ ರೂಟ್ ಗ್ಲಾಸ್ ಕಂಪನಿ ಮಾಡಿಕೊಟ್ಟ ಉಬ್ಬುತಗ್ಗಿನ ಬಾಟಲಿ ಹಾಗೆ ಬಂತು. ಅಷ್ಟು ದೊಡ್ಡ ಕಂಪನಿಗೇ ಹೆಸರೊಂದು ಸಾಲದೆ ಹೋಯಿತು.

ನನ್ನ ವಿಷಯಕ್ಕೆ ಬಂದರೆ, ನಾನು ಮಾಡುವ ನೋಟ್‌ಬುಕ್‌ಗಳ ಬೆನ್ನಿನ ಹೊಲಿಗೆ ಹೊರಗೇ ಕಾಣುತ್ತದೆ. ರಟ್ಟು ಯಾವ ಬಣ್ಣದ್ದೇ ಇರಲಿ, ದಾರ ಮಾತ್ರ ಯಾವಾಗಲೂ ಕೆಂಪು. ಇದರ ಹಿಂದೆ ದೊಡ್ಡ ಯೋಚನೆಯೇನೂ ಇಲ್ಲ. ಹೊಲಿಯಲು ಹೇಗೂ ದಾರ ಬೇಕು. ಕೆಂಪು ದಾರಕ್ಕೆ ಹೆಚ್ಚಿನ ಖರ್ಚಿಲ್ಲ, ಹೆಚ್ಚಿನ ಹೊತ್ತೂ ಬೇಡ. ಈಗ ಜನ "ಕೆಂಪು ದಾರದ ಬುಕ್ಕು ಇದೆಯಾ" ಅಂತ ಕೇಳುತ್ತಾರೆ. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ನಾನು ಇಟ್ಟಿರುವ ಹೆಸರು ಇವತ್ತಿಗೂ ಗೊತ್ತಿಲ್ಲ. ಅದರಿಂದ ನನಗೆ ನಷ್ಟವೂ ಆಗಿಲ್ಲ.

ಗುರುತು ಆರಿಸುವಾಗ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುವುದು ಒಂದೇ ಪ್ರಶ್ನೆಗೆ. ತೀರಾ ಸುಸ್ತಾದ ದಿನ, ರಾತ್ರಿ ಕೂತು ಪ್ಯಾಕಿಂಗ್ ಮಾಡುವಾಗಲೂ ಇದನ್ನು ಬಿಡದೆ ಮಾಡಲು ಆಗುತ್ತದಾ? ನಮ್ಮದು ಪೂರ್ತಿ ಹೊತ್ತಿನ ವ್ಯಾಪಾರ ಅಲ್ಲ. ಪ್ರತಿ ಪೊಟ್ಟಣದಲ್ಲೂ ಕೈಬರಹದ ಪತ್ರ, ಒಣಹೂವು, ರಿಬ್ಬನ್ನು, ಮೂರು ಥರದ ಸ್ಟಿಕ್ಕರ್ ಅಂತ ಶುರುಮಾಡುವವರನ್ನು ತುಂಬಾ ನೋಡಿದ್ದೇನೆ. ಮೊದಲ ತಿಂಗಳು ಫೋಟೋ ಚೆನ್ನಾಗಿ ಬರುತ್ತವೆ. ಆಮೇಲೆ ಆರ್ಡರ್ ಜಾಸ್ತಿಯಾಗುತ್ತದೆ, ಆಫೀಸಿನಲ್ಲೂ ಕೆಲಸ ಜಾಸ್ತಿಯಾಗುತ್ತದೆ. ಪತ್ರ ಎರಡು ಸಾಲಿಗೆ ಇಳಿಯುತ್ತದೆ, ಹೂವು ನಿಲ್ಲುತ್ತದೆ. ಮೊದಲು ಕೊಂಡವರಿಗೆ ಎರಡನೇ ಪೊಟ್ಟಣ ನೋಡಿ ಏನೋ ಕಮ್ಮಿಯಾದ ಹಾಗೆ ಅನಿಸುತ್ತದೆ. ಶುರುವಿನಿಂದಲೇ ಅದು ಇಲ್ಲದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಮೇಣದಬತ್ತಿಯಲ್ಲಿ ಇನ್ನೊಂದು ವಿಚಿತ್ರವಿದೆ, ಇದನ್ನು ನೀವು ಕೂತು ಯೋಚಿಸಬೇಕು. ನಿಮ್ಮ ಸರಕು ಉರಿದು ಮುಗಿದುಹೋಗುತ್ತದೆ. ಮತ್ತೆ ಕೊಳ್ಳಬೇಕು ಅನಿಸುವುದು ಸರಿಯಾಗಿ ಆ ಹೊತ್ತಿಗೆ. ಆಗ ಅವರ ಕೈಯಲ್ಲಿ ಉಳಿದಿರುವುದು ಖಾಲಿ ಲೋಟ ಮಾತ್ರ. ಹಾಗಾಗಿ ಗುರುತು ಲೋಟದ ಮೇಲೇ ಇರಬೇಕು. ಮೇಣ ಪೂರ್ತಿ ಗಟ್ಟಿಯಾಗುವ ಮುಂಚೆ ಮೇಲೆ ಸೀಲು ಒತ್ತುವವರಿದ್ದಾರೆ. ನೋಡಲು ಚೆಂದ, ಆದರೆ ಮೊದಲ ಸಲ ಹಚ್ಚಿದಾಗಲೇ ಕರಗಿಹೋಗುತ್ತದೆ. ಪಕ್ಕಕ್ಕೆ ಅಂಟಿಸಿದ ದೊಡ್ಡ ಲೇಬಲನ್ನು ಲೋಟ ಬೇಕು ಅನ್ನುವವರು ನೀರಲ್ಲಿ ನೆನೆಸಿ ಕಿತ್ತುಹಾಕುತ್ತಾರೆ. ತಳಕ್ಕೆ ಅಂಟಿಸಿದ ಸಣ್ಣ ಸ್ಟಿಕ್ಕರನ್ನು ಯಾರೂ ಕೀಳಲು ಹೋಗುವುದಿಲ್ಲ. ಉರಿಸುವಾಗ ಪಾಲಿಸಬೇಕಾದ ಎಚ್ಚರಿಕೆಯ ಮಾತುಗಳಿಗೆ ಹೇಗೂ ಅಲ್ಲಿ ಜಾಗ ಬೇಕು. ನಿಮ್ಮ ಹೆಸರು, ಪರಿಮಳದ ಹೆಸರು, ಮತ್ತೆ ಆರ್ಡರ್ ಮಾಡುವ ದಾರಿ, ಮೂರನ್ನೂ ಅಲ್ಲೇ ಹಾಕಿ. ಮುಚ್ಚಳ ಇದ್ದರೆ ಅದು ಇನ್ನೂ ಒಳ್ಳೆಯ ಜಾಗ, ಯಾಕೆಂದರೆ ಪ್ರತಿಸಲ ಕೈ ಹೋಗುವುದು ಅಲ್ಲಿಗೇ.

ಪರಿಮಳವನ್ನೇ ಗುರುತು ಮಾಡಿಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ಮಾಡಿಕೊಳ್ಳಬಹುದು. ಆದರೆ ಎಣ್ಣೆ ಬೇರೆಯವರಿಂದ ತರುವುದಾದರೆ ಹುಷಾರು. ಅವರು ಮಿಶ್ರಣ ಬದಲಿಸಿದರೆ ನಿಮ್ಮ ಗುರುತೂ ಬದಲಾದಂತೆ. ಫೋಟೋದಲ್ಲಿ ಪರಿಮಳ ಕಾಣುವುದೂ ಇಲ್ಲ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಅಮೆರಿಕದ ಒಡವೆ ಕಂಪನಿ ಟಿಫನಿಯ ನೀಲಿ ಡಬ್ಬಿಯನ್ನು ನೋಡಿ ಎಲ್ಲರಿಗೂ ತಮ್ಮದೇ ಒಂದು ಬಣ್ಣ ಬೇಕು ಅನಿಸುತ್ತದೆ. ಆ ಬಣ್ಣಕ್ಕೆ ಅವರು ಟ್ರೇಡ್‌ಮಾರ್ಕ್, ಅಂದರೆ ಆ ಗುರುತು ತಮ್ಮದೇ ಅನ್ನುವ ಕಾನೂನಿನ ಹಕ್ಕು, ಪಡೆದದ್ದು 1998ರಲ್ಲಿ. ಅದನ್ನು ಬಳಸಲು ಶುರುಮಾಡಿ ಆಗಲೇ ನೂರೈವತ್ತು ವರ್ಷ ದಾಟಿತ್ತು. ನಮಗೆ ಅಷ್ಟು ಆಯಸ್ಸಿಲ್ಲ. ಜೊತೆಗೆ, ಫೋನಿನ ಪರದೆಯಲ್ಲಿ ಬಣ್ಣ ಬೆಳಕಿನಿಂದ ಹುಟ್ಟುತ್ತದೆ, ಕಾಗದದ ಮೇಲೆ ಶಾಯಿಯಿಂದ. ಪರದೆಯ ಮೇಲೆ ಫಳಫಳಿಸಿದ ಹಸಿರು ಲೇಬಲ್ ಮೇಲೆ ಮಂಕಾಗಿ ಬರುವುದು ಮಾಮೂಲು. ಬಣ್ಣ ಇಟ್ಟುಕೊಳ್ಳಿ, ಆದರೆ ಸ್ವಲ್ಪ ಆಚೀಚೆ ಆದರೂ ಗುರುತು ಸಿಗುವ ಹಾಗಿರಲಿ. "ಕೆಂಪು" ಅಂದರೆ ಸಾಕು, ಇಂಥದ್ದೇ ಕೆಂಪು ಆಗಬೇಕಿಲ್ಲ.

ಹೆಸರು ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕಾದ ಜಾಗ. "ಪರಿಮಳದ ದೀಪ" ಥರದ ಹೆಸರುಗಳು ಸರಕು ಏನು ಅಂತ ಹೇಳುತ್ತವೆ, ಯಾರದ್ದು ಅಂತ ಹೇಳುವುದಿಲ್ಲ. ಹುಡುಕಿದರೆ ಅದೇ ಥರದ ನೂರು ಹೆಸರು ಬರುತ್ತವೆ. ಬಹಳ ದೇಶಗಳಲ್ಲಿ ಬರೀ ಸರಕನ್ನು ಬಣ್ಣಿಸುವ ಹೆಸರಿಗೆ ಟ್ರೇಡ್‌ಮಾರ್ಕ್ ಸಿಗುವುದೂ ಕಷ್ಟ. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ತನ್ನ ಕ್ಯಾಮೆರಾಗೆ "ಕೊಡಾಕ್" ಅಂತ ಹೆಸರಿಟ್ಟಾಗ ಆ ಪದಕ್ಕೆ ಯಾವ ಅರ್ಥವೂ ಇರಲಿಲ್ಲ. ಕೆ ಅಕ್ಷರ ಅವನಿಗೆ ಇಷ್ಟ, ಅದರಿಂದಲೇ ಶುರುವಾಗಿ ಅದರಿಂದಲೇ ಮುಗಿಯಲಿ ಅಂತ ಮಾಡಿದ ಪದ ಅದು. ಅಷ್ಟು ದೂರ ಹೋಗಬೇಕಿಲ್ಲ. ಮೇಣಕ್ಕೆ ಸಂಬಂಧವೇ ಇಲ್ಲದ ಒಂದು ಸಾದಾ ಪದವೂ ಆಗುತ್ತದೆ. ಪರೀಕ್ಷೆ ಸುಲಭ. ಫೋನಿನಲ್ಲಿ ಒಬ್ಬರಿಗೆ ಹೆಸರು ಹೇಳಿ, ಬರೆದು ಕಳಿಸಿ ಅನ್ನಿ. ತಪ್ಪಾಗಿ ಬರೆದರೆ ನಿಮ್ಮನ್ನು ಹುಡುಕುವಾಗಲೂ ಹಾಗೇ ತಪ್ಪಾಗಿ ಬರೆಯುತ್ತಾರೆ.

ಹೆಸರು ಖಚಿತ ಮಾಡುವ ಮುಂಚೆ ನಿಮ್ಮ ದೇಶದ ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ಒಮ್ಮೆ ಹುಡುಕಿ. ಸರಕು ಮತ್ತು ಸೇವೆಗಳನ್ನು ಒಟ್ಟು 45 ವರ್ಗಗಳಾಗಿ ಮಾಡಿರುತ್ತಾರೆ. ಮೇಣದಬತ್ತಿ ಬರುವುದು 4ನೇ ವರ್ಗದಲ್ಲಿ, ನನ್ನ ನೋಟ್‌ಬುಕ್ 16ರಲ್ಲಿ. ಬೇರೆ ವರ್ಗದಲ್ಲಿ ಅದೇ ಹೆಸರಿದ್ದರೆ ಸಾಮಾನ್ಯವಾಗಿ ಅಷ್ಟು ತೊಂದರೆಯಿಲ್ಲ, ತೀರಾ ಪ್ರಸಿದ್ಧ ಹೆಸರು ಆಗಿರಬಾರದು ಅಷ್ಟೆ. ನೋಂದಣಿ ಆಗುವ ಮೊದಲೇ ಹೆಸರಿನ ಪಕ್ಕ ವೃತ್ತದೊಳಗಿನ ಆರ್ ಗುರುತು ಹಾಕಬೇಡಿ. ಬಹಳ ಕಡೆ ಅದು ಅಪರಾಧ.

ಇನ್ನು ಲೋಗೋ. ಬ್ರಿಟನ್ನಿನಲ್ಲಿ 1876ರಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಶುರುವಾದಾಗ ಮೊದಲನೆಯದಾಗಿ ದಾಖಲಾದದ್ದು ಬಾಸ್ ಅನ್ನುವ ಬಿಯರ್ ಕಂಪನಿಯ ಕೆಂಪು ತ್ರಿಕೋನ. ಬರೀ ತ್ರಿಕೋನ! ಆರೇಳು ವರ್ಷ ಕಳೆಯುವುದರೊಳಗೆ ಪ್ಯಾರಿಸ್ಸಿನಲ್ಲಿ ಕಲಾವಿದ ಮಾನೆ ಬಿಡಿಸಿದ ಒಂದು ಬಾರ್ ಚಿತ್ರದಲ್ಲಿ ಆ ತ್ರಿಕೋನದ ಬಾಟಲಿ ಬಂದು ಕೂತಿದೆ. ಚಿತ್ರದಲ್ಲಿ ಲೇಬಲ್ಲಿನ ಅಕ್ಷರ ಓದದಿದ್ದರೂ ಬಾಟಲಿ ಯಾರದ್ದು ಅಂತ ಗೊತ್ತಾಗುತ್ತದೆ. ನಿಮ್ಮ ಲೋಗೋವನ್ನು ಜನ ಹೆಚ್ಚಾಗಿ ನೋಡುವುದು ಫೋನಿನಲ್ಲಿ, ಉಗುರಿನಷ್ಟು ದೊಡ್ಡ ವೃತ್ತದೊಳಗೆ. ಉರಿಯುವ ಬತ್ತಿ, ಎಲೆ, ಬಳ್ಳಿ, ಸ್ಥಾಪನೆಯ ವರ್ಷ ಎಲ್ಲ ಸೇರಿಸಿದರೆ ಅಲ್ಲಿ ಕಾಣುವುದು ಒಂದು ಮಚ್ಚೆ ಮಾತ್ರ. ದಪ್ಪ ಅಕ್ಷರದಲ್ಲಿ ಹೆಸರು ಬರೆದರೆ ಸದ್ಯಕ್ಕೆ ಧಾರಾಳ ಸಾಕು. ಫಾಂಟ್ (ಅಕ್ಷರದ ವಿನ್ಯಾಸ) ಮಾತ್ರ ವ್ಯಾಪಾರಕ್ಕೆ ಬಳಸಲು ಪರವಾನಗಿ ಇರುವುದೇ ಅಂತ ನೋಡಿಕೊಳ್ಳಿ.

ಇಷ್ಟೆಲ್ಲ ಆದಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ: ಅದನ್ನು ಮುಟ್ಟದೆ ಬಿಡುವುದು. ನೀವು ನಿಮ್ಮ ಲೇಬಲನ್ನು ದಿನಾ ನೋಡುತ್ತೀರಿ. ಕೊಳ್ಳುವವರು ಕೆಲವು ತಿಂಗಳಿಗೊಮ್ಮೆ ನೋಡುತ್ತಾರೆ. ನಿಮಗೆ ಬೇಸರ ಬರುವ ಹೊತ್ತಿಗೆ ಅವರಿಗೆ ಈಗಷ್ಟೇ ಪರಿಚಯ ಆಗುತ್ತಿರುತ್ತದೆ. ಆಗಲೇ ಕೈ ತುರಿಸುತ್ತದೆ, ಹೊಸ ಫಾಂಟ್, ಹೊಸ ಬಣ್ಣ ಅಂತ. 2009ರ ಶುರುವಿನಲ್ಲಿ ಅಮೆರಿಕದ ಟ್ರಾಪಿಕಾನಾ ತನ್ನ ಜ್ಯೂಸ್ ಡಬ್ಬಿಯ ಮೇಲಿದ್ದ ಸ್ಟ್ರಾ ಚುಚ್ಚಿದ ಕಿತ್ತಳೆಹಣ್ಣಿನ ಚಿತ್ರ ತೆಗೆದು ಹೊಸ ವಿನ್ಯಾಸ ತಂದಿತು. ಒಳಗಿನ ಜ್ಯೂಸ್ ಅದೇ. ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇ. 20ರಷ್ಟು ಇಳಿಯಿತು, ಹಳೆಯ ಡಬ್ಬಿಯೇ ವಾಪಸ್ ಬಂತು. ಜಾಹೀರಾತಿಗೆ ಕೋಟಿಗಟ್ಟಲೆ ಸುರಿಯುವವರ ಗತಿಯೇ ಹೀಗಾದರೆ ನಮ್ಮಂಥವರು ಆರು ತಿಂಗಳಿಗೊಮ್ಮೆ ವೇಷ ಬದಲಿಸಿದರೆ ಯಾರು ಗುರುತು ಹಿಡಿಯುತ್ತಾರೆ ಹೇಳಿ. ನಿಮಗೆ ಹೊಸದು ಮಾಡುವ ಆಸೆ ಇದ್ದರೆ ಪರಿಮಳದಲ್ಲಿ ತೋರಿಸಿ, ಲೇಬಲ್ ಬಿಟ್ಟುಬಿಡಿ.

ನಮಗೆ ಹೊತ್ತು ಕಮ್ಮಿ ಅನ್ನುವುದನ್ನೂ ಗುರುತಿಗೆ ಸೇರಿಸಿಕೊಳ್ಳಬಹುದು. ನಾನು ವಾರಕ್ಕೆ ಒಂದೇ ದಿನ ಪಾರ್ಸೆಲ್ ಕಳಿಸುತ್ತೇನೆ, ಯಾವಾಗಲೂ ಅದೇ ದಿನ, ಮತ್ತು ಅದನ್ನು ಎಲ್ಲ ಕಡೆ ಬರೆದಿದ್ದೇನೆ. "ಆದಷ್ಟು ಬೇಗ ಕಳಿಸುತ್ತೇವೆ" ಅಂತ ಹೇಳಿ ಒಮ್ಮೆ ಎರಡು ದಿನಕ್ಕೆ, ಒಮ್ಮೆ ಹತ್ತು ದಿನಕ್ಕೆ ಕಳಿಸುವುದಕ್ಕಿಂತ ಇದು ಎಷ್ಟೋ ವಾಸಿ. ಕೊಂಡವರು ಕಾಯುತ್ತಾರೆ, ಯಾವಾಗ ಬರುತ್ತದೆ ಅಂತ ಗೊತ್ತಿದ್ದರೆ.

ಖರ್ಚಿನ ಬಗ್ಗೆ ಕೇಳಿದ್ದಿರಿ. ಸದ್ಯಕ್ಕೆ ತಳದ ಸ್ಟಿಕ್ಕರಿಗೆ, ಮುಚ್ಚಳಕ್ಕೆ, ಹೆಸರಿನ ನೋಂದಣಿಗೆ ಬೇಕಾಗುವಷ್ಟು ಹಾಕಿ, ಈ ಕ್ರಮದಲ್ಲೇ. ಸ್ಟಿಕ್ಕರ್ ಒಂದೇ ಸಲ ರಾಶಿ ಮುದ್ರಿಸಬೇಡಿ, ಫೋನ್ ನಂಬರ್ ಬದಲಾದರೆ ಎಲ್ಲ ದಂಡ. ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಲೈಕ್ ಎಣಿಸುತ್ತಾ ಕೂರಬೇಡಿ. ಹೊಸಬರು ಬಂದಾಗ "ನಮ್ಮ ಬಗ್ಗೆ ನಿಮಗೆ ಹೇಳಿದವರು ಏನಂತ ಹೇಳಿದರು?" ಅಂತ ಸುಮ್ನೆ ಕೇಳಿ, ಅವರು ಆಡಿದ ಮಾತನ್ನೇ ಬರೆದಿಟ್ಟುಕೊಳ್ಳಿ. ಬೇರೆಬೇರೆಯವರ ಬಾಯಲ್ಲಿ ಒಂದೇ ಮಾತು ಬರಲು ಶುರುವಾದರೆ ಅದೇ ನಿಮ್ಮ ಗುರುತು, ನೀವು ಆರಿಸಿದ್ದು ಬೇರೆಯಾಗಿದ್ದರೂ ಸರಿ. ಲೋಗೋ ಮಾಡಿಸಲೇಬೇಕು ಅನಿಸಿದರೆ ಆಗ ಆ ಪಟ್ಟಿಯನ್ನು ವಿನ್ಯಾಸ ಮಾಡುವವರ ಕೈಗೆ ಕೊಡಿ.