ಹತ್ತು ಪರ್ಸೆಂಟ್ ಬಿಟ್ಟುಕೊಟ್ಟರೆ ಬೈಯರ್ ಉಳಿಯುತ್ತಾರೆಯೇ?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ.)

ಬೊಮ್ಮನಹಳ್ಳಿ ಕಡೆಯ ಸಣ್ಣ ಗಾರ್ಮೆಂಟ್ಸ್ ಮಾಲೀಕರು, ವಯಸ್ಸು ಐವತ್ತರ ಹತ್ತಿರ. 38 ಟೈಲರ್‌ಗಳು, ಅಮೆರಿಕದ ಒಂದೇ ಬೈಯರ್, ಹತ್ತಿಯ ಟಿ-ಶರ್ಟ್. ಅಮೆರಿಕ ಸುಂಕ ಏರಿಸಿದ ಮೇಲೆ ಆರ್ಡರ್‌ಗಳು ರದ್ದಾಗಿದ್ದವು. 2025ರ ನವೆಂಬರ್ ಕೊನೆಯಲ್ಲಿ ಹೆಂಡತಿಯೊಂದಿಗೆ ನಮ್ಮ ಬಳಿ ಸಲಹೆಗೆ ಬಂದರು. ರಾತ್ರಿ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. "ಒಡವೆ ಅಡ ಇಟ್ಟಿರೋದು ನಂಗೆ ಗೊತ್ತಾಗಿದ್ದೇ ಬ್ಯಾಂಕಿನ ಮೆಸೇಜಿಂದ ಮೇಡಂ" ಎಂದರು ಹೆಂಡತಿ. ಗಂಡನದ್ದು ಒಂದೇ ಜಪ: "ರೇಟಲ್ಲಿ ಹತ್ತು ಪರ್ಸೆಂಟ್ ಬಿಟ್ಕೊಡ್ತೀನಿ, ಬೈಯರ್ ಉಳಿದ್ರೆ ಸಾಕು."

ಬದುಕೇ ಬೇಡ ಅನ್ನಿಸಿದ್ದುಂಟೇ ಎಂದು ಮೊದಲು ನೇರವಾಗಿ ಕೇಳಲಾಯಿತು. ಇಲ್ಲ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇಬ್ಬರ ಫೋನಿಗೂ ಸೇರಿತು. ಆಮೇಲೆ ಲೆಕ್ಕಕ್ಕೆ ಕೂತದ್ದು. ಇಂಥ ಕಡೆ ಸಮಾಧಾನದ ಮಾತಿಗಿಂತ ಕ್ಯಾಲ್ಕುಲೇಟರ್ ಬೇಗ ಕೆಲಸ ಮಾಡುತ್ತದೆ.

ಹತ್ತಿ ಟಿ-ಶರ್ಟಿಗೆ ಅಮೆರಿಕದಲ್ಲಿ ಮೊದಲಿಂದಲೂ 16.5% ಸುಂಕ. 2025ರ ಆಗಸ್ಟ್ 7ರಿಂದ ಅದರ ಮೇಲೆ 25, 27ರಿಂದ ಇನ್ನೂ 25 ಬಿದ್ದು ಆಗ ಒಟ್ಟು 66.5% ಆಗಿತ್ತು. ಇವರ ಎಫ್‌ಒಬಿ ದರ (ಮಾಲನ್ನು ಹಡಗಿಗೆ ಏರಿಸುವವರೆಗಿನ ದರ) ಪೀಸಿಗೆ ₹300. ಮೊದಲು ಸುಂಕ ಸೇರಿ ಬೈಯರ್‌ಗೆ ₹349.50 ಬೀಳುತ್ತಿತ್ತು, ಸುಂಕ ಏರಿದ ಮೇಲೆ ₹499.50. ಹತ್ತು ಪರ್ಸೆಂಟ್ ಬಿಟ್ಟು ₹270ಕ್ಕೆ ಕೊಟ್ಟರೂ ಅವರಿಗೆ ಸುಮಾರು ₹450. ಹಳೆಯ ದರಕ್ಕೆ ತಂದು ನಿಲ್ಲಿಸಬೇಕೆಂದರೆ ₹210ಕ್ಕೆ ಕೊಡಬೇಕು. ಬಟ್ಟೆ, ಹೊಲಿಗೆ, ಪ್ಯಾಕಿಂಗ್ ಸೇರಿ ಇವರಿಗೇ ತಗಲುವುದು ₹274! ಅಂದರೆ ರಿಯಾಯಿತಿ ಕೊಟ್ಟರೆ ಪೀಸಿಗೆ ₹4 ಕೈಯಿಂದ ಹೋಗುತ್ತದೆ, ಬೈಯರ್‌ಗೆ ನೂರು ರೂಪಾಯಿ ಹೊರೆ ಹಾಗೇ ಉಳಿಯುತ್ತದೆ. ಕಾಗದದ ಮೇಲೆ ಇದನ್ನು ನೋಡಿ ಅವರು ತುಂಬ ಹೊತ್ತು ಸುಮ್ಮನಿದ್ದರು.

ಅದಕ್ಕಿಂತ ದೊಡ್ಡ ಅಪಾಯ ಬೈಯರ್ ಕಳಿಸಿದ ಹೊಸ ಪಿಒದಲ್ಲಿತ್ತು (ಖರೀದಿ ಆದೇಶ). ದರದ ಪಕ್ಕದಲ್ಲಿ ಎಫ್‌ಒಬಿ ಹೋಗಿ ಡಿಡಿಪಿ ಎಂದಾಗಿತ್ತು; ಇವರು ಗಮನಿಸಿರಲಿಲ್ಲ. ಎಫ್‌ಒಬಿಯಲ್ಲಿ ಸುಂಕ ಆಮದುದಾರರದ್ದು, ಡಿಡಿಪಿಯಲ್ಲಿ ಮಾರುವವರದ್ದು. ಸಹಿ ಹಾಕಬೇಡಿ, ಎಫ್‌ಒಬಿಯೇ ಇರಲಿ, ಬೇಕಾದರೆ ಹಣ ಪಾವತಿಗೆ 30 ದಿನ ಹೆಚ್ಚು ಕೊಡುತ್ತೇವೆ ಎಂದು ಬರೆಯಿರಿ ಎಂದೆವು.

ಕಾರ್ಟನ್‌ನಲ್ಲಿ ಕೂತಿರುವ ಮಾಲನ್ನು ಇಲ್ಲೇ ಮಾರುವ ಯೋಚನೆಯಿತ್ತು. ಬ್ರ್ಯಾಂಡಿನ ಲಿಖಿತ ಒಪ್ಪಿಗೆ ಇಲ್ಲದೆ, ಕತ್ತಿನ ಲೇಬಲ್ ಬಿಚ್ಚದೆ ಹಾಗೆ ಮಾಡುವಂತಿಲ್ಲ. ಅಡ್ವಾನ್ಸ್ ಆಥರೈಸೇಶನ್‌ನಲ್ಲಿ (ರಫ್ತು ಮಾಲು ತಯಾರಿಸಲೆಂದು ಕೊಡುವ ಆಮದು ಪರವಾನಗಿ) ಸುಂಕವಿಲ್ಲದೆ ತರಿಸಿದ ಸಾಮಾನು ಅದರಲ್ಲಿದ್ದರೆ ಆ ಸುಂಕವನ್ನು ಬಡ್ಡಿಯೊಂದಿಗೆ ಕಟ್ಟಬೇಕು. ಇಲ್ಲಿ ಮಾರಿದರೆ 5% ಜಿಎಸ್‌ಟಿಯೂ ಉಂಟು. ಪ್ಯಾಕಿಂಗ್ ಕ್ರೆಡಿಟ್ (ರಫ್ತಿಗೆ ಮುಂಚೆ ಮಾಲು ತಯಾರಿಸಲು ಬ್ಯಾಂಕ್ ಕೊಡುವ ಸಾಲ) ತೆಗೆದಿದ್ದರೆ ಅದು ಬೇರೆ ತಲೆನೋವು: ರಫ್ತಾಗದ ಮಾಲಿನ ಸಾಲಕ್ಕೆ ಮೊದಲ ದಿನದಿಂದಲೇ ಸಾಮಾನ್ಯ ಬಡ್ಡಿ ಬೀಳಬಹುದು.

ಆದ್ದರಿಂದ ಮೊದಲು ಬ್ಯಾಂಕು. 2025ರ ನವೆಂಬರ್ 14ರ ರಿಸರ್ವ್ ಬ್ಯಾಂಕ್ ಸೂಚನೆ ಪ್ರಕಾರ, ಆಗಸ್ಟ್ 31ಕ್ಕೆ ಸಾಲದ ಖಾತೆ ಸರಿಯಿದ್ದ ರಫ್ತುದಾರರಿಗೆ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗಿನ ಕಂತು ಮುಂದೂಡಲು ಅವಕಾಶವಿತ್ತು. ರಫ್ತು ಸಾಲದ ಅವಧಿಯನ್ನು 450 ದಿನಕ್ಕೆ ಏರಿಸಬಹುದಿತ್ತು. ತಾನಾಗಿ ಸಿಗುವಂಥದ್ದಲ್ಲ, ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದಾಗಿತ್ತು. ಬಾಯಿಮಾತಿನಲ್ಲಿ ಮ್ಯಾನೇಜರನ್ನು ಕೇಳಿ ಬರಬೇಡಿ; ರದ್ದಾದ ಆರ್ಡರ್‌ಗಳ ಮೇಲ್, ಸ್ಟಾಕ್ ಪಟ್ಟಿ, ಹದಿಮೂರು ವಾರದ ಹಣದ ಒಳ-ಹೊರ ಪಟ್ಟಿ ಲಗತ್ತಿಸಿ ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ವಾರದ ಪಟ್ಟಿಯನ್ನು ಹೆಂಡತಿಯೇ ಬರೆಯಲಿ ಎಂದೆವು. ಮುಚ್ಚಿಡುವುದು ತಪ್ಪಿದರೆ ನಿದ್ದೆ ಅರ್ಧ ವಾಪಸ್ ಬರುತ್ತದೆ.

ಕೊನೆಗೆ ಟೈಲರ್‌ಗಳು. ಅರ್ಧ ಜನರನ್ನು ಮಾರ್ಚ್‌ವರೆಗೆ ಮನೆಗೆ ಕಳಿಸುವ ಆಲೋಚನೆ ಅವರದ್ದು. ಅಕ್ಟೋಬರ್–ಮಾರ್ಚ್‌ನಲ್ಲಿ 78 ದಿನದ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವಂತಿಗೆ ಸೇರದಿದ್ದರೆ ಮುಂದಿನ ಜುಲೈ–ಡಿಸೆಂಬರ್‌ನಲ್ಲಿ ಕಾಯಿಲೆ ರಜೆಯ ಹಣ ಸಿಗದು. ಇವರ ಹಾಜರಿಯಲ್ಲಿ ಆಗಲೇ ಸುಮಾರು 48 ದಿನ ಆಗಿತ್ತು. ಎಲ್ಲರಿಗೂ ವಾರಕ್ಕೆ 4 ದಿನ ಕೆಲಸ ಹಂಚಿದರೆ ಎಂಟು ವಾರದೊಳಗೆ ಎಲ್ಲರೂ 78 ದಾಟುತ್ತಾರೆ. ಸಂಬಳದ ದಿನಕ್ಕೆ ಕಾಯದೆ, ಫ್ಲೋರ್‌ನಲ್ಲಿ ಎಲ್ಲರ ಮುಂದೆ ಮೊದಲೇ ಹೇಳಿಬಿಡಿ ಎಂದೆವು. ಬಾಡಿಗೆ, ಸ್ಕೂಲ್ ಫೀಸು ಹೊಂದಿಸಿಕೊಳ್ಳಲು ಅವರಿಗೂ ಸಮಯ ಬೇಕು.