ಮರಿಯ ಮೂತಿ ಹುಣ್ಣು: ಹಕ್ಕಳೆ ಕೀಳಬೇಡಿ

ತಮ್ಮಾ, ಬೆಳಿಗ್ಗೆ ನಮ್ಮ ಗ್ರೂಪಲ್ಲಿ ನೀನು ಹಾಕಿದ ಫೋಟೊ ನೋಡಿದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ. ಎರಡು ತಿಂಗಳ ಮೇಕೆ ಮರಿ, ತುಟಿಯ ಎರಡೂ ಮೂಲೆಯಲ್ಲಿ ಹೂಕೋಸಿನ ಹಾಗೆ ಎದ್ದ ಹಕ್ಕಳೆ. ಕೆಳಗೆ ನೀನು ಬರೆದಿದ್ದು, "ಉಪ್ಪು ನಿಂಬೆಹಣ್ಣು ಹಾಕಿ ತೆಂಗಿನ ನಾರಲ್ಲಿ ಉಜ್ಜಿ ತೆಗೀತಿದೀನಿ, ಮೇಲೆ ಏನು ಹಚ್ಚಲಿ" ಅಂತ. ಹಚ್ಚೋ ಮಾತು ಆಮೇಲೆ. ಉಜ್ಜೋದನ್ನ ಈಗಲೇ ನಿಲ್ಲಿಸು.

ಇದೇ ತಪ್ಪು ನಾನು 2016ರಲ್ಲಿ ಮಾಡಿದ್ದೆ. ಆಗ ಹನ್ನೊಂದು ಮರಿ ಇದ್ವು. ಸಂತೆಯಿಂದ ತಂದ ಒಂದು ಮರಿಯ ಮೂತಿ ಮೇಲೆ ಕಡಲೆಬೇಳೆಯಷ್ಟು ಕೆಂಪು ಗುಳ್ಳೆ ಕಂಡಿತ್ತು. ಜಾಲಿ ಮುಳ್ಳು ತಾಗಿರಬೇಕು ಅಂದ್ಕೊಂಡು ಬಿಟ್ಟೆ. ವಾರದಲ್ಲಿ ಹಕ್ಕಳೆ ಕಟ್ತು. ಗೋಣಿತಾಟಿನ ತುಂಡಿಗೆ ಉಪ್ಪು ಹಾಕಿ ಉಜ್ಜಿದೆ. ಹಕ್ಕಳೆ ಎದ್ದು ಬಂತು, ಕೆಳಗೆ ದಾಳಿಂಬೆ ಕಾಳು ಜೋಡಿಸಿದ ಹಾಗೆ ಕೆಂಪು ಮಾಂಸ, ರಕ್ತ ಜಿನುಗ್ತಿತ್ತು. ಅದೇ ತಾಟಿನಲ್ಲಿ ಪಕ್ಕದ ಮರಿಯ ಬಾಯಿ ಒರೆಸಿದೆ. ಉದುರಿದ್ದೆಲ್ಲಾ ಕೊಟ್ಟಿಗೆ ನೆಲಕ್ಕೆ ಬಿತ್ತು. ಹತ್ತೇ ದಿನಕ್ಕೆ ಹನ್ನೊಂದಕ್ಕೂ ಬಂತು, ಆಮೇಲೆ ತಾಯಂದಿರ ಮೊಲೆತೊಟ್ಟಿಗೂ ಬಂತು. ಒಂದು ಕರಿ ಮೇಕೆ, ಮರಿ ಬಾಯಿ ಹಾಕಿದ ತಕ್ಷಣ ಒದ್ದು ಆಚೆ ಸರೀತಿತ್ತು. ಹಾಲು ಕಟ್ಟಿ ಕೆಚ್ಚಲು ಕಲ್ಲಾಗಿ, ಒಂದು ಕಡೆ ಶಾಶ್ವತವಾಗಿ ಹೋಯ್ತು. ಎರಡು ಮರಿ ಸತ್ವು, ಅದೂ ಹುಣ್ಣಿನಿಂದ ಅಲ್ಲ, ಹಸಿವಿನಿಂದ. ಆ ಎರಡನ್ನ ಉಳಿಸಬಹುದಿತ್ತು ಅನ್ನೋದು ಇವತ್ತಿಗೂ ಕೊರೀತದೆ, ಅದಕ್ಕೇ ಇಷ್ಟುದ್ದ ಬರೀತಿರೋದು.

ಇದು ಆರ್ಫ್, ಸಿಡುಬಿನ ಜಾತಿಯ ವೈರಸ್. ನೀನು ಕೊಳೆ ಅಂದ್ಕೊಂಡು ಕೀಳ್ತಿರೋ ಹಕ್ಕಳೆಯಲ್ಲೇ ಆ ವೈರಸ್ ತುಂಬಿರೋದು, ಒಣಗಿದ ಚೂರಲ್ಲಿ ತಿಂಗಳುಗಟ್ಟಲೆ ಜೀವಂತ ಇರುತ್ತೆ. ಹಕ್ಕಳೆ ಕೆಳಗೆ ಹೊಸ ಚರ್ಮ ಬರ್ತಿರುತ್ತೆ, ಕಿತ್ತರೆ ಮತ್ತೆ ಮೊದಲಿಂದ ಶುರು. ಮುಟ್ಟದೆ ಬಿಟ್ಟರೆ ಮೂರು ನಾಲ್ಕು ವಾರದಲ್ಲಿ ತಾನೇ ಉದುರುತ್ತೆ. ವೈರಸ್ಸನ್ನೇ ಕೊಲ್ಲೋ ಔಷಧಿ ಅಂತ ಯಾರಾದ್ರೂ ಮಾರಿದ್ರೆ ದುಡ್ಡು ಕೊಡಬೇಡ. ಆಂಟಿಬಯೋಟಿಕ್ ಇಂಜೆಕ್ಷನ್ ಬೇಕಾಗೋದು ಕೀವು, ವಾಸನೆ ಬಂದಾಗ ಮಾತ್ರ, ಅದೂ ಡಾಕ್ಟರು ನೋಡಿ ಹೇಳಿದ್ರೆ.

ನನಗೆ ಕೆಲಸ ಕೊಟ್ಟಿದ್ದು ಬೋರಿಕ್ ಗ್ಲಿಸರಿನ್. ಒಂದು ಚಮಚ ಬೋರಿಕ್ ಪುಡಿಗೆ ಹತ್ತು ಚಮಚ ಗ್ಲಿಸರಿನ್, ಚೆನ್ನಾಗಿ ಕಲಸಿ ಬಾಟಲಿಯಲ್ಲಿಟ್ಕೊ. ಮೊದಲು ತಿಳಿ ಗುಲಾಬಿ ಬಣ್ಣದ ಪರ್ಮಾಂಗನೇಟ್ ನೀರಲ್ಲಿ ಹತ್ತಿ ಅದ್ದಿ ಒತ್ತಿ ಒತ್ತಿ ನೆನೆಸು, ಉಜ್ಜಬೇಡ. ನೀರು ನೇರಳೆ ಆಯ್ತು ಅಂದ್ರೆ ಜಾಸ್ತಿ ಆಯ್ತು ಅಂತ ಅರ್ಥ, ತುಟಿ ಸುಡುತ್ತೆ. ಒಣಗಿದ ಮೇಲೆ ಆ ಬೋರಿಕ್ ಗ್ಲಿಸರಿನ್ ತೆಳ್ಳಗೆ ಸವರು, ದಿನಕ್ಕೆ ಎರಡು ಸಲ. ಹಕ್ಕಳೆ ಮೆತ್ತಗಾದ್ರೆ ಬಾಯಿ ಬಿಡುವಾಗ ಬಿರಿಯಲ್ಲ, ಮರಿ ತಿನ್ನುತ್ತೆ. ಬೆಟಡಿನ್ ಕೂಡ ಸರಿಯೇ, ಆದ್ರೆ ಒಣಗಿಸುತ್ತೆ, ನನಗೆ ಗ್ಲಿಸರಿನ್ನೇ ಇಷ್ಟ. ನೊಣ ಜಾಸ್ತಿ ಇದ್ರೆ ಹುಣ್ಣಿನ ಸುತ್ತ ಬೇವಿನೆಣ್ಣೆ ಹಚ್ಚು. ಹುಳದ ಔಷಧಿ ಸೇರಿದ ಮುಲಾಮು ತುಟಿಗೆ ಬೇಡ, ನೆಕ್ಕುತ್ತವೆ. ಮನೇಲಿ ತುರಿಕೆಗೆ ಅಂತ ಇಟ್ಟಿರೋ ಟ್ಯೂಬೂ ಬೇಡ, ಸ್ಟಿರಾಯ್ಡ್ ಇದ್ರೆ ಸೋಂಕು ಇನ್ನೂ ಬಲಿಯುತ್ತೆ. ಮೈಲುತುತ್ತು ಹಚ್ಚಿ ಅಂತ ಗ್ರೂಪಲ್ಲಿ ಯಾರೋ ಬರೆದಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ, ನೆಕ್ಕಿ ಹೊಟ್ಟೆಗೆ ಹೋದ್ರೆ ತಾಮ್ರದ ವಿಷ, ಅದರಲ್ಲೂ ಕುರಿ ತಡ್ಕೊಳಲ್ಲ.

ಕೈಗವಸು ಹಾಕ್ಕೊ. ಫೋಟೊದಲ್ಲಿ ಬರಿಗೈ ಕಾಣ್ತಿದೆ. ಇದು ಮನುಷ್ಯರಿಗೂ ಅಂಟುತ್ತೆ. ನನ್ನ ಹೆಬ್ಬೆರಳಲ್ಲಿ ನೀಲಿಗೆಂಪು ಗಂಟು ಎದ್ದು ಒಂದೂವರೆ ತಿಂಗಳು ಹಾಲು ಕರೆಯೋಕೆ ಆಗಲಿಲ್ಲ. ಮಕ್ಕಳ ಕೈಗೆ ಆ ಮರಿ ಕೊಡಲೇಬೇಡ.

ಎಲ್ಲಾ ಮೂತಿ ಹುಣ್ಣೂ ಆರ್ಫ್ ಅಲ್ಲ, ಇದನ್ನ ಮರೀಬೇಡ. ಜ್ವರ, ಕಣ್ಣು ಮೂಗಲ್ಲಿ ಸೋರಿಕೆ, ಭೇದಿ, ಬಾಯಲ್ಲಿ ಕೊಳೆತ ವಾಸನೆ ಇದ್ರೆ ಪಿಪಿಆರ್, ಅಂದ್ರೆ ಕುರಿ ಮೇಕೆ ಪ್ಲೇಗ್, ಇರಬಹುದು. ನಾಲಿಗೆ ಮೇಲೆ ಬೊಬ್ಬೆ, ಗೊರಸಿನ ಸಂದಲ್ಲಿ ಹುಣ್ಣು ಅಂದ್ರೆ ಕಾಲುಬಾಯಿ ಜ್ವರ ಇರಬಹುದು. ಕುರಿಗೆ ಮುಖ ಊದಿ ಕುಂಟ್ತಿದ್ರೆ ನೀಲಿ ನಾಲಿಗೆ ರೋಗ ಇರಬಹುದು. ಇದರಲ್ಲಿ ಯಾವುದು ಕಂಡ್ರೂ ಗ್ರೂಪಲ್ಲಿ ಕೇಳ್ತಾ ಕೂರಬೇಡ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡು. ಪಿಪಿಆರ್ ಲಸಿಕೆ ಹಾಕ್ಸಿದೀನಿ ಅಂತ ಬರೆದಿದ್ದೀಯ. ಒಳ್ಳೇದು, ಆದ್ರೆ ಅದು ಬೇರೆ ವೈರಸ್, ಆರ್ಫ್ ತಡೆಯಲ್ಲ.

ಜಾಲಿ, ಒರಟು ಜೋಳದ ಕಡ್ಡಿ ಸದ್ಯಕ್ಕೆ ನಿಲ್ಲಿಸು. ಹಿಪ್ಪುನೇರಳೆ ಸೊಪ್ಪು, ಅಗಸೆ ಸೊಪ್ಪು ಎಳೇದು ಕೊಡು, ಹಿಂಡಿ ನೆನೆಸಿ ಕೊಡು. ಗಂಜಿ ಅಂತ ಬೋಗುಣಿಗಟ್ಟಲೆ ಕುಡಿಸಬೇಡ, ಹೊಟ್ಟೆ ಉಬ್ಬರಿಸುತ್ತೆ. ಕಾಯಿಲೆ ಮರಿಗೆ ಬೇರೆ ಬೋಗುಣಿ, ಬೇರೆ ಮೂಲೆ. ಆರೋಗ್ಯದ ಮರಿಗಳಿಗೆ ಮೊದಲು ಮೇವು ಹಾಕಿ, ಕಾಯಿಲೆಯವು ಕೊನೆಗೆ. ನೆಲದ ಕಸ ಗುಡಿಸಿ ಸುಡು, ತಿಪ್ಪೆಗೆ ಹಾಕಬೇಡ. ಹುಣ್ಣು ವಾಸಿ ಆಗೋವರೆಗೆ ಮರಿಯ ಕಿವಿಗೆ ಗುರುತಿನ ಓಲೆ ಚುಚ್ಚಿಸೋದೂ ಬೇಡ, ಗಾಯ ಆದ ಕಡೆಯೆಲ್ಲಾ ಇದು ಹತ್ತುತ್ತೆ. ಇನ್ಮೇಲೆ ಸಂತೆ ಮರಿಯನ್ನ ಮೂರು ವಾರ ಬೇರೆ ಕಟ್ಟಿ, ಆಮೇಲೆ ಉಳಿದ ಮೇಕೆಗಳ ಜೊತೆ ಬಿಡು.

ಈಗ ಎದ್ದು ಹೋಗಿ ಉಜ್ಜಿದ ಮರಿಯ ಹೊಟ್ಟೆ ಮುಟ್ಟಿ ನೋಡು. ಒಳಗೆ ಅಂಟಿದ್ರೆ ತಾಯಿ ಹಾಲು ಕರೆದು, ಬಾಟಲಿಯಲ್ಲಿ ಸ್ವಲ್ಪ ಸ್ವಲ್ಪ ಕುಡಿಸು. ತಾಯಿಯ ತೊಟ್ಟು ಬೆಳಕಲ್ಲಿ ನೋಡಿ, ಗುಳ್ಳೆ ಇದೆಯೋ ಇಲ್ವೋ ರಾತ್ರಿ ಬರಿ.