ತಂಗಿಗೆ ಸಿಕ್ಕಿದ್ದು ಒಂದು ನೋಟಿಸು

ಆತ್ಮೀಯರೇ,

ನಿಮ್ಮ ‘ಪಾಲುಪಟ್ಟಿ’ ಕಥೆಯನ್ನು ಮೂರು ಸಲ ಓದಿದೆ. ಭಾಷೆ ಹದವಾಗಿದೆ. ತೋಟವನ್ನು ಕಣ್ಣಾರೆ ಕಂಡು ಬರೆದಿದ್ದೀರಿ. ಮಳೆಯ ಬಿಡುವು ನೋಡಿಕೊಂಡು ಅಡಿಕೆಗೆ ಮದ್ದು ಹೊಡೆಯುವ ಪುಟ ಚೆನ್ನಾಗಿದೆ. ಆದರೂ ಕಥೆಯನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ.

ಕಥೆಯ ಜೊತೆ ಕಳಿಸಿದ ಪತ್ರದಲ್ಲಿ ನೀವು ಹೀಗೆ ಬರೆದಿದ್ದೀರಿ: ‘ನಾನು ಯಾರ ಪಕ್ಷವನ್ನೂ ವಹಿಸಿಲ್ಲ, ಇಬ್ಬರ ವಾದವನ್ನೂ ಇದ್ದ ಹಾಗೆ ಇಟ್ಟಿದ್ದೇನೆ.’ ಈ ಮಾತು ನನಗೆ ಸಿಟ್ಟು ತರಿಸಿತು. ನೀವು ಸುಳ್ಳು ಹೇಳಿದ್ದೀರಿ ಎಂದಲ್ಲ. ನೀವು ಅದನ್ನು ನಂಬಿಯೇ ಬರೆದಿದ್ದೀರಿ, ಕಷ್ಟವಾದದ್ದು ಅದಕ್ಕೇ. ಕಥೆ ಪಕ್ಷ ವಹಿಸಿದೆ, ನಿಮ್ಮ ಕಣ್ಣು ತಪ್ಪಿಸಿ ವಹಿಸಿದೆ.

ಲೆಕ್ಕ ಹಾಕಿ ನೋಡಿ. ಅಪ್ಪ ತೀರಿಕೊಂಡ ಮೇಲೆ ಎರಡೂವರೆ ಎಕರೆ ತೋಟಕ್ಕಾಗಿ ಅಣ್ಣ ತಂಗಿಯರ ನಡುವೆ ಎದ್ದ ಜಗಳ ಇದು. ಅಣ್ಣನಿಗೆ ಸುಬ್ರಾಯ ಎಂಬ ಹೆಸರಿದೆ. ತಂಗಿ ಮೊದಲಿನಿಂದ ಕೊನೆಯವರೆಗೆ ಬರೀ ‘ತಂಗಿ’. ಹದಿನಾರು ಪುಟಗಳಲ್ಲಿ ಹದಿಮೂರು ಪುಟ ಸುಬ್ರಾಯನ ಮನಸ್ಸಿನೊಳಗೇ ಕಳೆಯುತ್ತವೆ. ಅವನ ನಿದ್ದೆ, ಅವನ ಸಾಲ, ಅಪ್ಪನ ಹಾಸಿಗೆಯ ಪಕ್ಕ ಅವನು ಕೂತ ರಾತ್ರಿಗಳು ಎಲ್ಲವೂ ನಮಗೆ ಗೊತ್ತು. ತಂಗಿಯ ಪಾಲಿಗೆ ಬಂದದ್ದು ವಕೀಲರ ನೋಟಿಸು ಮತ್ತು ಜಗಲಿಯ ಮೇಲಿನ ಒಂದು ಸಣ್ಣ ದೃಶ್ಯ. ಒಬ್ಬನಿಗೆ ಮನಸ್ಸನ್ನೂ ಇನ್ನೊಬ್ಬಳಿಗೆ ರಿಜಿಸ್ಟರ್ ಅಂಚೆಯನ್ನೂ ಕೊಟ್ಟ ಮೇಲೆ ಓದುಗ ಯಾರ ಕಡೆ ನಿಲ್ಲುತ್ತಾನೆ ಎಂಬುದು ಮೊದಲೇ ತೀರ್ಮಾನವಾಗಿ ಹೋಯಿತಲ್ಲ?

ಇನ್ನು ಜಗಲಿಯ ದೃಶ್ಯಕ್ಕೆ ಬರುತ್ತೇನೆ. ಹನ್ನೊಂದನೆಯ ಪುಟ.

‘ಇಷ್ಟು ವರ್ಷ ಇಲ್ಲದ್ದು ಈಗೇಕೆ ನೆನಪಾಯಿತು?’ ಎಂದು ಸುಬ್ರಾಯ *ಕೇಳಿದ*. ‘ನನ್ನದನ್ನು ನಾನು ಕೇಳಿದರೆ ತಪ್ಪೇ?’ ಎಂದು ತಂಗಿ *ಒದರಿದಳು*. ಅವಳು ಆಡಿದ ಮಾತಿನಲ್ಲಿ ಒದರಾಟ ಎಲ್ಲಿದೆ? ಅದನ್ನು ಮೆಲ್ಲಗೆ, ನೆಲ ನೋಡುತ್ತ ಹೇಳಿರಬಹುದು. ನಿಜವಾಗಿ ಚುಚ್ಚುವ ಮಾತು ಸುಬ್ರಾಯನದು, ಅವನಿಗೆ ನೀವು ಕೊಟ್ಟದ್ದು ‘ಕೇಳಿದ’ ಎಂಬ ಸೌಮ್ಯ ಕ್ರಿಯಾಪದ. ಮುಂದೆಯೂ ಹೀಗೆಯೇ. ಅವನು ಹೇಳಿದ, ನಿಟ್ಟುಸಿರಿಟ್ಟ, ಸುಮ್ಮನಾದ. ಅವಳು ಸಿಡುಕಿದಳು, ಹಂಗಿಸಿದಳು, ಕಿಡಿಕಾರಿದಳು.

ಆಮೇಲೆ ಬರುವ ವಾಕ್ಯ ಈ ಕಥೆಯ ಜೀವ: ‘ಹೊರಡುವ ಮುನ್ನ ಅವಳು ಬಚ್ಚಲಿಗೆ ಹೋಗಿ ಅಮ್ಮನ ತಾಮ್ರದ ಹಂಡೆಯನ್ನು ಒಮ್ಮೆ ಮುಟ್ಟಿ ಕೈ ತೆಗೆದಳು.’ ಓದಿ ಕಣ್ಣು ತುಂಬಿ ಬಂತು. ಒಲೆ ಆರಿದ್ದರೂ ಹಂಡೆ ಬೆಚ್ಚಗಿತ್ತೇ, ಮಸಿ ಬೆರಳಿಗೆ ಹತ್ತಿತೇ ಎಂದು ನಾನೇ ಊಹಿಸತೊಡಗಿದೆ. ಅಷ್ಟರಲ್ಲಿ ನೀವು ಮುಂದಿನ ವಾಕ್ಯ ಬರೆದಿರಿ: ‘ಆಸೆ ಅವಳನ್ನು ಬಿಟ್ಟಿರಲಿಲ್ಲ.’

ಯಾರ ಮಾತು ಇದು? ಸುಬ್ರಾಯನದೋ, ನಿಮ್ಮದೋ? ‘ಅವನು’, ‘ಅವಳು’ ಎಂದು ಹೊರಗೆ ನಿಂತು ಕಥೆ ಹೇಳುವವನ ಮಾತಿಗೆ ಎದುರಾಡುವವರಿಲ್ಲ. ಅವನು ಮಳೆ ಬಂತು ಎಂದರೆ ಮಳೆ ಬಂತು, ಆಸೆ ಎಂದರೆ ಆಸೆ. ಅವಳು ಮುಟ್ಟಿದ್ದು ಅಮ್ಮನನ್ನೋ ತಾಮ್ರವನ್ನೋ ಎಂದು ಯೋಚಿಸುವ ಅವಕಾಶವನ್ನು ನೀವು ನನ್ನಿಂದ ಕಿತ್ತುಕೊಂಡಿರಿ.

ನನಗೆ ಇಷ್ಟು ನೋವಾಗಲು ಕಾರಣವಿದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಮಂಗಳೂರಿನ ಒಂದು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಅತ್ತೆ ಸೊಸೆಯರ ಮೇಲೆ ಬರೆದ ಮೊದಲ ಕಥೆಯನ್ನು ಪಕ್ಕದ ಮೇಜಿನ ಹಿರಿಯರಿಗೆ ಕೊಟ್ಟೆ. ಅವರು ಅತ್ತೆಯ ಕ್ರಿಯಾಪದಗಳ ಕೆಳಗಷ್ಟೇ ಕೆಂಪು ಗೆರೆ ಎಳೆದು ಹಿಂದಿರುಗಿಸಿದರು. ಗದರಿದರು, ಗೊಣಗಿದರು, ಮೂತಿ ತಿರುವಿದರು ಎಂಬಂಥವು ಇಪ್ಪತ್ತಕ್ಕೂ ಹೆಚ್ಚಿದ್ದವು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆ ಶನಿವಾರ ಪುತ್ತೂರಿನ ಹತ್ತಿರದ ಹಳ್ಳಿಯೊಂದಕ್ಕೆ ತಾಳಮದ್ದಲೆ ಕೇಳಲು ಕರೆದುಕೊಂಡು ಹೋದರು. ಪ್ರಸಂಗ ವಾಲಿವಧೆ.

ತಾಳಮದ್ದಲೆಯಲ್ಲಿ ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಪಂಚೆ ಶಾಲು ಹೊದ್ದ ಅರ್ಥಧಾರಿಗಳು ಕೂತಲ್ಲಿಂದಲೇ ಮಾತಾಡುತ್ತಾರೆ. ಪದ್ಯ ನಿಗದಿಯಾದದ್ದು, ‘ಅರ್ಥ’ ಎಂದು ಕರೆಯುವ ಅವರ ಮಾತು ಆ ಕ್ಷಣದಲ್ಲಿ ಹುಟ್ಟುವಂಥದ್ದು. ವಾಲಿ ಸಾಯುತ್ತಾನೆ ಎಂಬುದು ಸಭೆಯಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಯಾರೂ ಬದಲಿಸುವಂತಿಲ್ಲ. ಆದರೆ ಬಾಣ ತಗುಲಿ ಬಿದ್ದವನು ಕೇಳುವ ಪ್ರಶ್ನೆಗಳಿಗೆ ಮಿತಿ ಹಾಕುವವರೂ ಇಲ್ಲ. ಅಂದಿನ ವಾಲಿ ಎದೆಯ ಮೇಲೆ ಅಂಗೈ ಒತ್ತಿಕೊಂಡು, ದನಿ ಏರಿಸದೆ ಕೇಳಿದ. ನಿನಗೆ ನಾನೇನು ಕೆಡುಕು ಮಾಡಿದ್ದೆ? ಎದುರು ಬಂದು ಏಕೆ ಹೋರಾಡಲಿಲ್ಲ? ಮರೆಯಲ್ಲಿ ನಿಂತು ಹೊಡೆಯುವುದು ಯಾವ ಕ್ಷತ್ರಿಯ ಧರ್ಮ? ನನ್ನ ಹಿಂದೆ ಕೂತಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ರಾಮ ಮಾತು ಮುಗಿಯುವ ತನಕ ಕಾದು, ಬಳಿಕ ತಮ್ಮನ ಹೆಂಡತಿಯನ್ನು ವಾಲಿ ಇಟ್ಟುಕೊಂಡದ್ದರ ಕಡೆಯಿಂದ ತನ್ನ ಉತ್ತರ ಶುರು ಮಾಡಿದ. ಅದೇ ಅಜ್ಜಿ ಅದಕ್ಕೂ ಹೌದು ಹೌದು ಎಂದು ತಲೆಯಾಡಿಸಿದರು.

ಅಲ್ಲಿ ‘ಎಂದು ವಾಲಿ ಕಿಡಿಕಾರಿದ’ ಎಂದು ಹೇಳುವವರೇ ಇರಲಿಲ್ಲ. ಬೆಳಗಿನ ಬಸ್ಸಿನಲ್ಲಿ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: ‘ನಿನ್ನ ಅತ್ತೆಗೆ ಅರ್ಥ ಹೇಳಲು ಎಷ್ಟು ಹೊತ್ತು ಕೊಟ್ಟಿದ್ದೀಯ?’

ನೀವು ನಿಮ್ಮ ಪತ್ರದ ಕೊನೆಗೆ, ಬೇಕಿದ್ದರೆ ತಂಗಿಯ ದೃಷ್ಟಿಯಿಂದ ಒಂದು ಅಧ್ಯಾಯ ಸೇರಿಸುತ್ತೇನೆ ಎಂದಿದ್ದೀರಿ. ಬೇಡ. ಅಣ್ಣನದೊಂದು, ತಂಗಿಯದೊಂದು ಎಂದು ಸರದಿಯಲ್ಲಿ ಬರೆದರೆ ಅದು ನ್ಯಾಯಾಲಯದ ಹೇಳಿಕೆಗಳಾಗುತ್ತದೆ. ಪಕ್ಷ ವಹಿಸುವುದೇ ತಪ್ಪು ಎಂದೂ ನಾನು ಹೇಳುತ್ತಿಲ್ಲ. ಪಂಪ 941ರಲ್ಲಿ ತನ್ನ ಒಡೆಯ ಅರಿಕೇಸರಿಯನ್ನೇ ಅರ್ಜುನನಾಗಿಸಿ ಭಾರತ ಬರೆದವನು. ಕಾವ್ಯದ ಚೌಕಟ್ಟೇ ಅರ್ಜುನನ ಕಡೆಗಿದೆ, ಅದನ್ನು ಅವನು ಬಚ್ಚಿಡಲಿಲ್ಲ. ಅದೇ ಕವಿ ಕರ್ಣ ಬಿದ್ದಾಗ ‘ನೆನೆಯದಿರಣ್ಣ ಭಾರತದೊಳಿನ್ ಪೆರರಾರುಮನ್’, ಭಾರತದಲ್ಲಿ ಇನ್ನು ಬೇರೆ ಯಾರನ್ನೂ ನೆನೆಯಬೇಡ ಅಣ್ಣ, ಎಂದು ನಿಂತುಬಿಟ್ಟ. ಆ ಮಾತಿಗೆ ತೂಕ ಬಂದದ್ದು ಅದು ಎದುರು ಪಾಳೆಯದಿಂದ ಬಂದದ್ದರಿಂದ.

ಹಾಗಾಗಿ ನನ್ನ ಸಲಹೆ: ಇಡೀ ಕಥೆಯನ್ನು ಸುಬ್ರಾಯನ ಬಾಯಿಗೇ ಕೊಡಿ. ‘ನಾನು’ ಎಂದು ಅವನೇ ಹೇಳಲಿ. ಆಗ ‘ಒದರಿದಳು’ ಎಂಬುದೂ ಇರಲಿ, ಅದು ಅವನ ಕಿವಿಗೆ ಕೇಳಿಸಿದ್ದು. ಹಂಡೆಯ ಸಾಲುಗಳು ಹೀಗಾಗುತ್ತವೆ: ‘ಹಂಡೆಯನ್ನು ಒಮ್ಮೆ ಮುಟ್ಟಿ ಕೈ ತೆಗೆದಳು. ಆಸೆ ಬಿಟ್ಟಿಲ್ಲ ಎಂದುಕೊಂಡೆ.’ ‘ಎಂದುಕೊಂಡೆ’ ಎಂಬ ಒಂದು ಮಾತು ಸೇರಿದ ಕೂಡಲೇ ತೀರ್ಪು ಬರಿಯ ಅನಿಸಿಕೆಯಾಯಿತು. ಹಾಗಲ್ಲದಿರಬಹುದು ಎಂದು ಓದುಗ ಅಣ್ಣನ ಬೆನ್ನ ಹಿಂದಿನಿಂದ ತಂಗಿಯನ್ನು ನೋಡತೊಡಗುತ್ತಾನೆ.

ಇನ್ನೊಂದು ವಿಷಯ. ನಿಮ್ಮ ಲೆಕ್ಕದಲ್ಲಿ ಅವಳ ಮದುವೆ 1991ರಲ್ಲಿ, ನೋಟಿಸು ಬಂದದ್ದು 2006ರಲ್ಲಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಸಮನಾದ ಹಕ್ಕು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಅವಳಂಥವರಿಗೆ ಆ ಹಕ್ಕು ಸಿಕ್ಕಿದ್ದು 2005ರ ಕೇಂದ್ರದ ತಿದ್ದುಪಡಿಯಿಂದ. ‘ಇಷ್ಟು ವರ್ಷ ಇಲ್ಲದ್ದು ಈಗೇಕೆ’ ಎಂಬ ಸುಬ್ರಾಯನ ಪ್ರಶ್ನೆಗೆ ಅವಳ ಬಳಿ ಇಷ್ಟು ದೊಡ್ಡ ಉತ್ತರವಿತ್ತು. ನೀವು ಅದನ್ನು ನೋಟಿಸಿನ ಒಂದು ಸಾಲಿನಲ್ಲಿ ಹೂತಿದ್ದೀರಿ. ಜಗಲಿಯ ಮೇಲೆ ಅವಳ ಬಾಯಿಂದಲೇ ಬರಲಿ. ಸುಬ್ರಾಯನಿಗೆ ಅದು ಅರ್ಥವಾಗದಿದ್ದರೂ ಪರವಾಗಿಲ್ಲ, ಅವನು ಅದನ್ನು ಅಕ್ಷರ ಬಿಡದೆ ನಮಗೆ ದಾಟಿಸಿದರೆ ಸಾಕು.

ಅವಳಿಗೊಂದು ಹೆಸರಿಡಿ. ಸುಬ್ರಾಯ ಅವಳನ್ನು ಚಿಕ್ಕಂದಿನಲ್ಲಿ ಏನೆಂದು ಕರೆಯುತ್ತಿದ್ದ, ಈಗ ಏನೆಂದು ಕರೆಯುತ್ತಾನೆ ಎಂದು ಯೋಚಿಸಿ.

ಹನ್ನೊಂದನೆಯ ಪುಟಕ್ಕೆ ಗುರುತು ಹಾಕಿ ಹಿಂದಕ್ಕೆ ಕಳಿಸಿದ್ದೇನೆ. ಮಳೆಗಾಲ ಮುಗಿಯುವುದರೊಳಗೆ ತಿದ್ದಿದ ಪ್ರತಿ ನನ್ನ ಮೇಜಿಗೆ ಬಂದರೆ ಸಂತೋಷಪಡುತ್ತೇನೆ.

ನಿಮ್ಮ,
ಸಂಪಾದಕ